ಆಕಳ ಅಳತೆಯ ಮನೆ

ಕಾರ್ಖಾನೆಯ ಮನೆಗಳು ಲಾರಿಯಿಂದ ಇಳಿದ ಮೇಲೆ, ಮೊದಲು ಒಳಗೆ ಕಾಲಿಟ್ಟವರ ಮೈಯಳತೆ ಹಿಡಿದು ಬಾಗಿಲು, ನೆಲ, ಕಟ್ಟೆಗಳನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದವು. ಇದು ಗದಗಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಕಾಶವ್ವನ ಅಣ್ಣನಿಗೂ ಗೊತ್ತಿತ್ತು. ಆದರೂ ಗೃಹಪ್ರವೇಶದ ದಿನ ಪದ್ಧತಿ ಬಿಡಲಾಗದೆ, ಗಾಲಿಕುರ್ಚಿಯಲ್ಲಿದ್ದ ತಂಗಿಯನ್ನು ಅಂಗಳದಲ್ಲೇ ನಿಲ್ಲಿಸಿ, ಕೊಂಬಿಗೆ ಅರಿಸಿನ ಹಚ್ಚಿದ ಆಕಳನ್ನು ಮೊದಲು ಒಳಗೆ ಹೊಡೆದ. ಮನೆ ಆಕಳಿಗೆ ಹೊಂದಿಕೊಂಡಿತು.

ತಿಂಗಳು ಕಳೆದ ಮೇಲೆ ಕಂಪನಿಯ ಮೆಕ್ಯಾನಿಕ್ ಫಕೀರಪ್ಪ ರಿಪೇರಿಗೆ ಬಂದ. ಕೊಂಬು ತಾಗದಷ್ಟು ಅಗಲದ ಬಾಗಿಲು, ಗೊರಸು ಜಾರದ ಒರಟು ನೆಲ, ಮೆಟ್ಟಿಲ ಬದಲು ಇಳಿಜಾರು, ತಗ್ಗಿನಲ್ಲಿ ನೀರಿನ ತೊಟ್ಟಿ. ಅವನು ಹಣೆ ಚಚ್ಚಿಕೊಂಡ.

"ಅಕ್ಕಾರ, ಇದು ದನದ ಮನಿ ಆಗೇತಿ. ಮನುಷ್ಯಾರು ಇರೂ ಹಂಗ ಮಾಡಿಕೊಡ್ತೀನಿ."

ಕಾಶವ್ವ ಅಡುಗೆಮನೆಯಿಂದ ಪಡಸಾಲೆಗೆ ಕುರ್ಚಿ ಉರುಳಿಸಿಕೊಂಡು ಬಂದು ಅವನಿಗೆ ಚಹಾ ಕೊಟ್ಟಳು.

"ಮನುಷ್ಯಾರ ಮನ್ಯಾಗ ಹುಟ್ಟಿದಾಗಿಂದ ಇದ್ದೆ, ತಮ್ಮಾ. ಬಚ್ಚಲಕ್ಕ ಹೋಗಬೇಕಂದ್ರೂ ಯಾರರೆ ಎತ್ತಬೇಕಿತ್ತು. ಇಲ್ಲಿ ಬಂದ ಮ್ಯಾಲೆ ಯಾರನ್ನೂ ಕರದಿಲ್ಲ."

"ಹಂಗಾರ ಕಂಪ್ಲೇಂಟ್ ಯಾಕ ಕೊಟ್ರಿ?"

"ಕೊಟ್ಟಾಂವ ನಮ್ಮಣ್ಣ. ಬೀಗರು ಬಂದ್ರ ನಗ್ತಾರಂತ. ದಿನಾ ಮುಂಜಾನೆ ಈ ಮನಿ ತಾನಾ ತೊಟ್ಟ್ಯಾಗ ಹಿಂಡಿ ನೆನಸತೈತಿ, ಅದೊಂದು ಬಂದ್ ಮಾಡು."

ಫಕೀರಪ್ಪ ಅದೊಂದನ್ನು ಮಾಡಿ ಚೀಲ ಹೆಗಲಿಗೇರಿಸಿದ. ಹೊರಡುವಾಗ ರೂಢಿಯಂತೆ ಹೊಸ್ತಿಲು ದಾಟಲು ಕಾಲೆತ್ತಿದ. ಅಲ್ಲಿ ಹೊಸ್ತಿಲೇ ಇರಲಿಲ್ಲ. ಮುಗ್ಗರಿಸಿ, ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿ ಗೋಡೆ ಹಿಡಿದು ನಿಂತ.

"ಹಗೂರ, ತಮ್ಮಾ," ಎಂದಳು ಕಾಶವ್ವ ಒಳಗಿನಿಂದ. "ಕೈ ಹಿಡೀಲಿಕ್ಕೆ ಬರ್ಲೇನು?"