ಕುರಣದ ಬೇವಿನ ಮರ

ಅರಣ್ಯ ಇಲಾಖೆಯ ವಾಚರ್ ಚಾಂದ ಪಾಶಾ ರಸ್ತೆಬದಿಯ ಬೇವಿನ ಸಾಲಿನಲ್ಲಿ ಒಂದು ಸರಕಾರಿ ಮರಕ್ಕೆ ಕೊಡಲಿ ಹಾಕುತ್ತಿರುವುದನ್ನು ಕಂಡು ರೇಂಜರ್ ವರದಾ ಜೀಪು ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಹಾರಿದಳು. ಇಪ್ಪತ್ತೇಳು ವರ್ಷ ಈ ಹುಲ್ಲುಗಾವಲಿನಲ್ಲಿ ಬೇರೆಯವರ ಕೈಯಿಂದ ಕೊಡಲಿ ಕಸಿದುಕೊಂಡ ಮನುಷ್ಯ ಇವನು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ಚಾಚಾ, ತಲಿ ಕೆಟ್ಟದೇನ್ರಿ? ನಾಕ ತಿಂಗಳಿಗಿ ರಿಟೈರ್ ಆಗೋರು ನೀವು!"

"ಕೆಟ್ಟಿತ್ತರಿ ಮೇಡಂ. ಈಗ ನೆಟ್ಟಗಾಗ್ಯದ," ಎಂದು ಪಾಶಾ ಕೊನೆಯ ಏಟು ಹಾಕಿದ. ಮರ ಹುಲ್ಲಿನ ಮೇಲೆ ಉರುಳಿತು.

ಮರುದಿನ ಭಾಲ್ಕಿಯಿಂದ ಲಾರಿಯಲ್ಲಿ ಇಲ್ಲಿ ನೆಡಲು ಎರಡು ಸಾವಿರ ಸಸಿ ಬರುವುದಿತ್ತು. ಔರಾದ ರಸ್ತೆಯ ಪಕ್ಕದ ಈ ಕುರಣ, ಅಂದರೆ ನಿಜಾಮರ ಕಾಲದಲ್ಲಿ ಕುದುರೆಗಳ ಮೇವಿಗೆಂದು ಕಾಯ್ದಿಟ್ಟ ಬಯಲು, ಕಾಗದದಲ್ಲಿ 'ಖಾಲಿ ಜಾಗ' ಆಗಿತ್ತು. ನೇಗಿಲು ಮುಟ್ಟದ ನೆಲ. ಚಿಗರಿ ಎನ್ನುವ ಕೃಷ್ಣಮೃಗ, ತೋಳ, ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ, ಎಲ್ಲ ಇಲ್ಲೇ. ಖಾಲಿ ಇರುವುದು ಬರೆದವನ ತಲೆ ಎಂಬುದನ್ನು ಪಾಶಾ ಬಹಳ ಮರ್ಯಾದೆಯಿಂದ ಮೂರು ಅರ್ಜಿಗಳಲ್ಲಿ ತಿಳಿಸಿದ್ದ. ಯಾರೂ ಉತ್ತರ ಕೊಡಲಿಲ್ಲ.

"ಮ್ಯಾಲಿನ ಆರ್ಡರ್ ಚಾಚಾ. ಗಿಡ ಹಚ್ಚೋದು ಬ್ಯಾಡ ಅಂತ ನಾ ಹ್ಯಾಂಗ ಹೇಳ್ಲಿ?"

"ಈ ಬೇವಿನ ಸಾಲು ನಾನೇ ಹಚ್ಚೀನ್ರಿ. ನಮ್ಮ ಮನಿಯಾಕಿ ಚಾಂದಬೀ ಕೊಡ ಹೊತ್ತು ನೀರ ಹಾಕ್ಯಾಳ. ಗಿಡ ಹಚ್ಚಿದ್ದಕ್ಕ ಇನಾಮ್ ಭೀ ಬಂತು. ಆವಾಗ ಚಿಗರಿ ರಸ್ತಾದ ತನಕ ಬರ್ತಿದ್ವು. ಮರ ಬೆಳದ ಮ್ಯಾಲ ಈ ಕಡಿ ಒಂದೂ ಕಾಲಿಟ್ಟಿಲ್ಲ. ಅವಕ್ಕ ಬಯಲ ಬೇಕ್ರಿ. ತ್ವಾಳ ದೂರದಿಂದ ಕಂಡ್ರ ಓಡಿ ಉಳೀತಾವ. ಮರದ ಹಿಂದ ಏನ್ ಕುಂತದ ಅಂತ ಅವಕ್ಕೇನ್ ಗೊತ್ತು?"

ಪಾಶಾ ಬಿದ್ದ ಮರದ ತೊಗಟೆಯನ್ನು ಒಮ್ಮೆ ಸವರಿದ. ಸಾಕಿದ ಮರವನ್ನು ಕಡಿಯುವುದು ಸುಲಭವಲ್ಲ.

"ಚಾಂದಬೀ ಏನಂದ್ರು?"

"ಕೊಡಲಿ ಮಸದು ಕೊಟ್ಟಾಳ್ರಿ."

ಪಾಶಾ ಚೀಲದಿಂದ ಇಲಾಖೆಯ ಕೇಸಿನ ಫಾರಂ ತೆಗೆದ. "ಅರ್ಜಿ ಓದಲಿಕ್ಕ ಯಾರಿಗೂ ಪುರಸತ್ತಿಲ್ಲ. ಕಾಯೋನೇ ಕಡಿದ ಅಂದ್ರ ದೊಡ್ಡ ಸಾಹೇಬರೇ ಇಲ್ಲಿಗಿ ಬರಬೇಕು. ಪಂಚನಾಮಿ ಆಗೋ ತನಕ ಯಾರೂ ಒಂದ್ ತೆಗ್ಗ ತೋಡಂಗಿಲ್ಲ. ಬರಲಿ. ಹುಲ್ಲಿನಾಗ ನಿಂದ್ರಿಸಿ ಎಲ್ಲಾ ತೋರಸ್ತೇನಿ."

"ನೌಕರಿ ಹೋಗ್ತದ ಚಾಚಾ. ಪಿಂಚಣಿನೂ."

"ಹೋಗ್ಲಿ ಬಿಡ್ರಿ."

ವರದಾ ಫಾರಂ ಓದಿದಳು. ಆರೋಪಿ: ಚಾಂದ ಪಾಶಾ. ಹಿಡಿದವರು: ಚಾಂದ ಪಾಶಾ. ಕಡಿದ ಮರ: ಒಂದು. ಸಾಕ್ಷಿಯ ಜಾಗ ಮಾತ್ರ ಖಾಲಿ ಇತ್ತು.

ಅವಳು ತಲೆಯೆತ್ತಿದಳು. ಮರ ಬಿದ್ದ ಸಂದಿಯಲ್ಲಿ, ದೂರದ ಹುಲ್ಲಿನಲ್ಲಿ ಚಿಗರಿಯ ಹಿಂಡು ಕತ್ತೆತ್ತಿ ಈ ಕಡೆಯೇ ನೋಡುತ್ತಿತ್ತು. ಮೂರು ವರ್ಷದಿಂದ ಇದೇ ರಸ್ತೆಯಲ್ಲಿ ಓಡಾಡಿದ್ದಳು. ಜೀಪಿನಿಂದ ಒಮ್ಮೆಯೂ ಅವು ಕಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಪೆನ್ನು ತೆಗೆದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು. ಆಮೇಲೆ 'ಒಂದು' ಎಂಬುದನ್ನು ಹೊಡೆದು ಹಾಕಿದಳು.

"ಒಂದ್ ಮರ ಅಂದ್ರ ಸಾಹೇಬರು ಫೋನ್ ಮ್ಯಾಲೇ ಮುಗಸ್ತಾರ," ಎಂದು ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಇನ್ನೊಂದು ಕೊಡಲಿ ಅದ ಏನ್ರಿ?"