ಬಾರದ ಕಾರ್ಡು

ಮನೂಬಿಯಾ ಮೊಣಕೈವರೆಗೂ ರವೆ ಡಬ್ಬಿಗೆ ಕೈ ಇಳಿಸಿ ತಡಕಾಡಿದಳು. ಬೆರಳಿಗೆ ಪ್ಲಾಸ್ಟಿಕ್ ತಗುಲಿತು. ಇದೆ. ಉಸಿರು ಬಿಟ್ಟಳು.

ಹಿತ್ತಲಲ್ಲಿ ಬಾಡಿಗೆಯವ ಎತ್ತೋರೆ ಫೋನಿನಲ್ಲಿದ್ದ. ಇಟಲಿಯಿಂದ ಮಗಳು. ಅವನ ಕಿವಿ ಮಂದ, ಹಾಗಾಗಿ ಫೋನಿನ ಮಾತು ಇಡೀ ಮನೆಗೆ ಕೇಳುತ್ತಿತ್ತು. ಟಿವಿ ನೋಡಿ ಇಟಾಲಿಯನ್ ಕಲಿತ ಮನೂಬಿಯಾಳಿಗೆ ಅರ್ಥವೂ ಆಗುತ್ತಿತ್ತು.

"ಅಪ್ಪಾ, ಇನ್ನೂ ಬಂದಿಲ್ವಾ ಆ ಕಾರ್ಡು? ಅದು ಬರೋಷ್ಟ್ರಲ್ಲಿ ನಿನ್ನ ಮೊಮ್ಮಗಳ ಮದ್ವೆ ಆಗಿರತ್ತೆ!"

"ಏನ್ಮಾಡ್ಲಿ ಮಗಳೇ. ಅದಿಲ್ದೆ ಹೊರಟ್ರೆ ಇಲ್ಲಿಗೆ ವಾಪಸ್ ಬರೋದು ಕಷ್ಟ."

ಕಡಲು ದಾಟಿ ಈ ಹಮ್ಮಾಮೆತ್ ಊರಿಗೆ ಬಂದ ಎಷ್ಟೋ ಇಟಾಲಿಯನ್ ಮುದುಕರಂತೆ ಅವನೂ ರೈಲ್ವೆ ಪಿಂಚಣಿ ನಂಬಿಕೊಂಡು ಬಂದವನು. ಅವಳ ಮಹಡಿ ಕೋಣೆ ಹಿಡಿದು ಆರು ವರ್ಷ. ಪ್ರತಿ ವರ್ಷ ಪಿಂಚಣಿ ಪತ್ರ, ಬಾಡಿಗೆ ಕರಾರು ಹಿಡಿದು ಠಾಣೆಗೆ ಹೋಗಿ ವಾಸದ ಪರವಾನಗಿ ನವೀಕರಿಸುತ್ತಿದ್ದ. ಈ ಸಲದ ಕಾರ್ಡನ್ನು ಪೇದೆ ಮೂರು ತಿಂಗಳ ಹಿಂದೆಯೇ ತಂದು, ಮನೆಯೊಡತಿ ಎಂದು ಅವಳ ಕೈಗೆ ಕೊಟ್ಟುಹೋಗಿದ್ದ. ಅದೇ ವಾರ ಮಗಳು, ಹೆರಿಗೆ ಹತ್ತಿರ ಬಂತು, ಬಾ ಅಪ್ಪಾ ಅಂದಿದ್ದಳು.

ಹೋದವನು ಮರಳುವನೇ? ಮನೂಬಿಯಾ ವಿಧವೆ. ಶುಕ್ರವಾರದ ರವೆಯ ಕೂಸ್‌ಕೂಸ್ ತಟ್ಟೆಗೆ ಎರಡು ಚಮಚ ಇಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಅಜ್ಜನಿಲ್ಲದೆಯೇ ಮಗು ಹುಟ್ಟಿತು. ಅಂದಿನಿಂದ ನಮಾಜಿಗೆ ನಿಂತರೂ ಅವಳ ಕಣ್ಣಿಗೆ ಕಾಣುವುದು ಡಬ್ಬಿಯೇ.

ಕಳೆದ ತಿಂಗಳು ಅವಳು ಜ್ವರ ಬಂದು ಮಲಗಿದ್ದಾಗ, ಹೊಸ ರವೆ ತಂದು ಡಬ್ಬಿ ತುಂಬಿಸಿದವನು ಅವನೇ. ಆ ಸದ್ದಿಗೆ ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಅವನು ಬಾಗಿಲಲ್ಲಿ ಇಣುಕಿ, ಊರವರಂತೆ ಅವಳನ್ನು ಗೌರವದಿಂದ ಲಲ್ಲಾ ಎಂದು ಕರೆದು ಹೇಳಿದ್ದಿಷ್ಟೇ: "ನಿಮ್ಮೂರಲ್ಲಿ ಎಲ್ಲಾ ನಿಧಾನ, ಲಲ್ಲಾ. ರವೆ ಮಾತ್ರ ಬೇಗ ಖಾಲಿಯಾಗತ್ತೆ."

ಅವನ ಕಣ್ಣಿಗೆ ಪೊರೆ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು. ಹಾಗೆ ಅಂದುಕೊಂಡದ್ದಕ್ಕೆ ಎರಡು ದಿನ ಅನ್ನ ಸೇರಿರಲಿಲ್ಲ.

ಈಗ ಫೋನಿನಲ್ಲಿ ಮಗು ಅತ್ತಿತು. ಸಣ್ಣ, ಒಡಕು ದನಿ.

ಸಾಕು. ಮನೂಬಿಯಾ ಕಾರ್ಡನ್ನು ಎಳೆದು ತೆಗೆದು, ಅಂಗಿಗೆ ಒರೆಸಿಕೊಂಡು, ಅವನು ಕರೆ ಮುಗಿಸುವವರೆಗೆ ಹೊಸ್ತಿಲಲ್ಲಿ ಕಾದಳು. ಆಮೇಲೆ ಮುಂದೆ ಚಾಚಿದಳು.

"ತಗೊಳ್ಳಿ, ಸೀದಿ ಎತ್ತೋರೆ. ಈಗಷ್ಟೇ ಪೇದೆ ಕೊಟ್ಟುಹೋದ. ಇನ್ನು ಹೊರಡಿ, ಮಗು ಕಾಯ್ತಿದೆ."

ಅವನು ಕಾರ್ಡಿನತ್ತ ನೋಡಲಿಲ್ಲ. ಫೋನನ್ನು ಮಗುಚಿಟ್ಟ. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕಿವಿ ಕೆಂಪಾಗಿತ್ತು.

"ಬೇಡ. ರವೆ ಡಬ್ಬಿಗೇ ವಾಪಸ್ ಹಾಕಿ, ಲಲ್ಲಾ."