ಮೈಲಾರಿಯ ನೆರಳಿನ ಅರ್ಜಿ

ಮಾನ್ಯ ವಾಚಕ ಮಹಾಶಯರೇ, ಊರೂರು ಅಲೆದು ನೆರಳು ಬಿಡಿಸಿ ತರುವುದೇ ನನ್ನ ವೃತ್ತಿಯೆಂದು ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಮಕ್ಕಳ ಮೈಯನ್ನು ತನ್ನ ಕಾಮಕ್ಕೆ ಬಳಸಿಕೊಂಡವನ ಬಳಿಯೇ ಆ ಮಕ್ಕಳ ನೆರಳು ಉಳಿದುಬಿಡುತ್ತದೆಯಷ್ಟೆ; ಮೊಹರು ಬಿದ್ದ ಅರ್ಜಿಯಿಲ್ಲದೆ ಅದನ್ನು ಬಿಡಿಸಲಾಗದು.

ನೆರಳು ಕಚೇರಿಯ ಗುಮಾಸ್ತ ಚನಬಸಪ್ಪ, ಅರ್ಜಿ ಕೇಳಿದ ಹದಿನಾಲ್ಕರ ಮೈಲಾರಿಯನ್ನು ನೋಡಿ ನಕ್ಕ.

“ಗಂಡ್ಹುಡುಗನ ನೆರಳು ಯಾರ್ ಕದೀತಾರಲೇ? ಅರ್ಜಿ ಹೆಣ್ಮಕ್ಕಳಿಗಷ್ಟ.”

“ಹಂಗಂತ ಎಲ್ಲಿ ಬರದೈತ್ರಿ?”

ಗುಮಾಸ್ತ ಅರ್ಜಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದ. ಎಲ್ಲಿಯೂ ಬರೆದಿರಲಿಲ್ಲ, ಮೂವತ್ತು ವರ್ಷಗಳಿಂದ ಯಾರೂ ಕೇಳಿರಲಿಲ್ಲ. ಅವನಿಗೆ ಸಿಟ್ಟು ಬಂತು.

“ಒದ್ದು ಓಡಿ ಬರಾಕ್ ಆಗ್ಲಿಲ್ಲೇನು? ಗಂಡಸಲ್ಲೇನು ನೀ?”

“ಅಲ್ರೀ, ನಾ ಹುಡುಗ. ಗಂಡಸು ಅಂವ. ಹೆಸರು ಬರ್ಕೊಳ್ರಿ: ಗರಡಿಮನಿ ಉಸ್ತಾದ ಗದಿಗೆಪ್ಪ.”

ಮೊಹರಿಗೆಂದು ಅಲ್ಲೇ ಕಾದಿದ್ದ ನಾನು ಕುರ್ಚಿ ಎಳೆದು ಮೈಲಾರಿಯನ್ನು ಕೂರಿಸಿ, ಪಕ್ಕದಲ್ಲಿ ಕೂತೆ. “ನಿನ್ ಮಾತು ನಂಬೀನಿ ತಮ್ಮಾ. ತಪ್ಪು ನಿಂದಲ್ಲ. ಬರೀರಿ ಚನಬಸಪ್ಪಾರ, ಇಲ್ಲಾಂದ್ರ ನಾವಿಬ್ರೂ ಏಳಂಗಿಲ್ಲ.”

ಗುಮಾಸ್ತ ತಲೆ ತಗ್ಗಿಸಿ ಬರೆದ. ಮೊಹರು ಬಿತ್ತು.

“ಅಲ್ಲಿ ಇನ್ನೂ ಮೂರು ಹುಡುಗರ ನೆರಳು ಅದಾವ್ರಿ,” ಎಂದ ಮೈಲಾರಿ. “ಬಿಟ್ಟು ಬರಬ್ಯಾಡ್ರಿ.”

ಇನ್ನೂ ಮೂರು ಅರ್ಜಿಗಳಿಗೆ ಮೊಹರು ಹಾಕಿಸಿ, ದೊಡ್ಡ ಚೀಲವನ್ನೇ ಹೆಗಲಿಗೇರಿಸಿಕೊಂಡು, ನಾನು ಗರಡಿಯ ದಾರಿ ಹಿಡಿದೆ.